ಗಣಿ ಮುಚ್ಚಿತು, ಊರು ಮುಚ್ಚಲಿಲ್ಲ

ಕೆಜಿಎಫ್‌ನ ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಸೇರುವ ಹೊತ್ತಿಗೆ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕರ್ಚೀಫು ಹಾಕಿ ಹಿಡಿದ ಸೀಟು, ಮಡಿಲಲ್ಲಿ ಊಟದ ಡಬ್ಬಿ, ಅರ್ಧ ನಿದ್ದೆ, ಉಳಿದರ್ಧ ತಮಿಳು ಹರಟೆ. ವೈಟ್‌ಫೀಲ್ಡ್, ಕೆ.ಆರ್. ಪುರಂ, ದಂಡು ನಿಲ್ದಾಣಗಳಲ್ಲಿ ಈ ಜನ ಇಳಿದು ಬೆಂಗಳೂರಿನ ಅಂಗಡಿ, ಆಸ್ಪತ್ರೆ, ಕಾರ್ಖಾನೆ, ಕಚೇರಿಗಳಿಗೆ ಹಂಚಿಹೋಗುತ್ತಾರೆ. ರಾತ್ರಿ ಮತ್ತೆ ಅದೇ ರೈಲು, ಅದೇ ಊರು. ಒಂದು ದಿಕ್ಕಿಗೆ ಸುಮಾರು ನೂರು ಕಿಲೋಮೀಟರ್. ಅಜ್ಜ ನೆಲದೊಳಕ್ಕೆ ಮೂರು ಕಿಲೋಮೀಟರ್ ಇಳಿದು ದುಡಿದ. ಮೊಮ್ಮಗ ನೆಲದ ಮೇಲೆ ನೂರು ಕಿಲೋಮೀಟರ್ ಹೋಗಿ ದುಡಿಯುತ್ತಾನೆ.

ಇಲ್ಲಿ ಚಿನ್ನದ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರುವರಿ 28ರಂದು. ಕಂಪನಿ ಹೋಯಿತು, ಜನ ಹೋಗಲಿಲ್ಲ.

ನಮ್ಮ ರಾಜ್ಯದ ನಕ್ಷೆಯಲ್ಲಿ ಇಂಥ ಊರುಗಳು ಅಲ್ಲಲ್ಲಿ ಚದುರಿವೆ. ರಾಯಚೂರಿನ ಹಟ್ಟಿ, ಕಾಳಿ ದಂಡೆಯ ದಾಂಡೇಲಿ, ಘಟ್ಟದ ನೆತ್ತಿಯ ಕುದುರೆಮುಖ, ಶರಾವತಿಯ ಕಾರ್ಗಲ್, ಭದ್ರಾವತಿಯ ಕಾಗದನಗರ, ಕಲಬುರಗಿ ಕಡೆಯ ಶಹಾಬಾದ್ ಮತ್ತು ವಾಡಿ. ಇವು ಸಂತೆ ಕೂಡಿ ಬೆಳೆದ ಊರುಗಳಲ್ಲ, ಕೋಟೆಯನ್ನೋ ಮಠವನ್ನೋ ಸುತ್ತಿಕೊಂಡು ಬೆಳೆದವೂ ಅಲ್ಲ. ನೆಲದಡಿಯ ಅದಿರು, ನದಿಯ ರಭಸ, ಕಾಡಿನ ಬಿದಿರು ಅಥವಾ ಸುಣ್ಣದಕಲ್ಲಿನ ಹಾಸು ಎಲ್ಲಿದೆಯೋ ಅಲ್ಲಿ ಒಂದು ಕಂಪನಿ ಬಂದು ಕ್ವಾರ್ಟರ್ಸ್ ಕಟ್ಟಿತು, ಜನರನ್ನು ಕರೆಸಿತು. ಕಸುಬು ಒಂದೇ, ಸೈರನ್ ಒಂದೇ, ಮನೆ ಕೊಡುವವನೂ ಒಬ್ಬನೇ. ಆ ಒಬ್ಬ ಎದ್ದುಹೋದ ಮೇಲೆ ಊರಿನ ಗತಿ ಏನು ಎಂಬುದನ್ನು ನನ್ನ ಲೆಕ್ಕದಲ್ಲಿ ಎರಡು ಸಂಗತಿ ತೀರ್ಮಾನಿಸುತ್ತವೆ. ಮುಂದಿನ ಕೆಲಸ ಎಷ್ಟು ದೂರದಲ್ಲಿದೆ? ಮನೆಯ ಕೆಳಗಿನ ನೆಲ ಯಾರ ಹೆಸರಿನಲ್ಲಿದೆ? ನಮ್ಮ ಸರ್ಕಾರಗಳು ಈ ಎರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಚರ್ಚಿಸುತ್ತವೆ.

ಕೆಜಿಎಫ್‌ನ ಆಕಾರವನ್ನೇ ನೋಡಿ. ಕೋಲಾರದ ಶಿಸ್ಟ್ ಶಿಲೆಯ ಪಟ್ಟಿ ಉತ್ತರ-ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ. ಅಗಲ ಮಾತ್ರ ಕೆಲವೇ ಕಿಲೋಮೀಟರ್. ಅದರೊಳಗೆ ಚಿನ್ನ ಹೊತ್ತ ಬೆಣಚುಕಲ್ಲಿನ ಎಳೆ ಎಲ್ಲಿ ಹರಿದಿದೆಯೋ ಅದರ ನೆತ್ತಿಯ ಮೇಲೆ ಶಾಫ್ಟುಗಳು ಬಂದವು, ಶಾಫ್ಟಿನ ಪಕ್ಕ ಮಿಲ್ಲು, ಮಿಲ್ಲಿನ ಪಕ್ಕ ಕಾರ್ಮಿಕರ ಲೈನು. ಆದ್ದರಿಂದಲೇ ಊರಿಗೆ ನಡುಮಧ್ಯ ಎಂಬುದಿಲ್ಲ. ಅದು ಎಳೆಯ ಮೇಲೆ ಉದ್ದಕ್ಕೆ ಬಿದ್ದುಕೊಂಡಿದೆ. 1894ರಲ್ಲಿ ಬಂದ ರೈಲು ಹಳಿಯೂ ಅದರ ಪಕ್ಕದಲ್ಲೇ ಸಾಗುತ್ತದೆ. ಪೇಟೆ ಬೇಕಾದಾಗ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳನ್ನು ಪಕ್ಕದಲ್ಲಿ ಬೇರೆಯಾಗಿಯೇ ಕಟ್ಟಿದರು.

ಬ್ರಿಟಿಷರ ಕಾಲದಲ್ಲಿ ಗಣಿ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ. ಮೇಸ್ತ್ರಿಗಳಾಗಿ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು ಬಂದರು, ಜೊತೆಗೆ ಇಟಲಿಯವರೂ ಬಂದರು. ಕಾವಲಿಗೆ ಪಂಜಾಬಿನವರು. ನೆಲದಡಿ ಇಳಿದವರು ಮಾತ್ರ ಹೆಚ್ಚಿನಂಶ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ದಲಿತರು. ಹಳ್ಳಿಯ ಜೀತದಿಂದ ಪಾರಾಗಲು ನಡೆದುಬಂದವರು. ಬಿದಿರು ತಟ್ಟಿಯ ಒಂದೇ ಕೋಣೆಯ ಗುಡಿಸಲಿನಲ್ಲಿ ಅವರ ಸಂಸಾರ. ಒಂದು ಕಾಲಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಇಲ್ಲಿ ದುಡಿಯುತ್ತಿದ್ದರು. 1930ರಲ್ಲಿ ಬೆರಳಚ್ಚು ಕೊಡಿ ಎಂದು ಕಂಪನಿ ಹೇಳಿದಾಗ, ನಾವೇನು ಕಳ್ಳರೇ ಎಂದು ಕೆಲಸ ನಿಲ್ಲಿಸಿ ಕೂತವರು ಇವರೇ. ಜಮೀನ್ದಾರನ ಎದುರು ತಲೆ ಎತ್ತಲಾಗದವರ ಮಕ್ಕಳು ಲಂಡನ್ನಿನ ಕಂಪನಿಯ ಎದುರು ಎದ್ದು ನಿಂತದ್ದು ಸಣ್ಣ ಮಾತಲ್ಲ. ಮುಂದೆ ಈ ಕ್ಷೇತ್ರದಿಂದ ರಿಪಬ್ಲಿಕನ್ ಪಕ್ಷದವರು, ಸಿಪಿಎಂನವರು, ಅಣ್ಣಾ ಡಿಎಂಕೆಯವರು ಕೂಡ ವಿಧಾನಸಭೆಗೆ ಗೆದ್ದುಬಂದರು. ಕರ್ನಾಟಕದಲ್ಲಿ ಇಂಥ ಚರಿತ್ರೆಯ ಇನ್ನೊಂದು ಕ್ಷೇತ್ರ ಹುಡುಕುವುದು ಕಷ್ಟ. ಸಿನಿಮಾ ನೋಡಿ ಕೆಜಿಎಫ್ ಎಂದರೆ ಬಂದೂಕು ಹಿಡಿದ ಗಡ್ಡಧಾರಿಗಳ ಊರು ಎಂದುಕೊಂಡವರಿಗೆ ಇದನ್ನು ಹೇಳಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ನಾನು ಮರೆಯಲಾರೆ. ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಬಂದದ್ದು 1902ರಲ್ಲಿ. ಬೆಂಗಳೂರು ನಗರಕ್ಕೆ ಬೆಳಕು ಬಂದದ್ದು ಅದಾದ ಮೂರು ವರ್ಷಕ್ಕೆ. 1965ರಲ್ಲಿ ಇದೇ ಗಣಿಯ ಆಳದಲ್ಲಿ ಕೂತ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು; ಜಗತ್ತಿನಲ್ಲೇ ಅಂಥ ಮೊದಲ ಪ್ರಯೋಗಗಳಲ್ಲಿ ಅದೂ ಒಂದು. ಅದೇ ಊರಿನ ಲೈನುಗಳಲ್ಲಿ 1990ರ ದಶಕದವರೆಗೂ ಒಣ ಪಾಯಿಖಾನೆಗಳಿದ್ದವು. ತೆಲುಗು ಮಾತಾಡುವ ತೋಟಿ ಸಮುದಾಯದವರು ಬಕೆಟ್ಟಿನಲ್ಲಿ ಮಲ ತುಂಬಿ ಹೊರುತ್ತಿದ್ದರು. ಆ ಕುಟುಂಬಗಳೊಂದರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದೇ ಊರಿನಿಂದ ಹೋರಾಟ ಶುರು ಮಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಕಂಪನಿಯ ಊರಿನಲ್ಲಿ ಯಂತ್ರಕ್ಕೆ ಬೇಕಾದದ್ದು ಮೊದಲು ಬರುತ್ತದೆ, ಮನುಷ್ಯನಿಗೆ ಬೇಕಾದದ್ದು ಕಡೆಗೆ.

ಇಂಥ ಊರುಗಳ ಕಾನೂನು ಕೂಡ ವಿಚಿತ್ರ. ಸಾಮಾನ್ಯ ಪಟ್ಟಣಗಳ ಲೆಕ್ಕ ಸರಳವಾಗಿದೆ. ಜನಸಂಖ್ಯೆ 10 ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ, 20 ಸಾವಿರ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ. ವಾರ್ಡು, ಚುನಾವಣೆ, ಬೈಯಲು ಒಬ್ಬ ಕೌನ್ಸಿಲರ್. ಆದರೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಒಂದು ಕಿಂಡಿ ಇದೆ. ಉದ್ದಿಮೆಯೊಂದು ತಾನೇ ನೀರು, ರಸ್ತೆ, ದೀಪ, ಕಸವಿಲೇವಾರಿ ನೋಡಿಕೊಳ್ಳುತ್ತಿದ್ದರೆ ಅಥವಾ ನೋಡಿಕೊಳ್ಳುವುದಾಗಿ ಹೇಳಿದರೆ, ರಾಜ್ಯಪಾಲರು ಆ ಜಾಗವನ್ನು ಕೈಗಾರಿಕಾ ಟೌನ್‌ಶಿಪ್ ಎಂದು ಹೆಸರಿಸಬಹುದು. ಆಗ ಅಲ್ಲಿ ಚುನಾಯಿತ ಪುರಸಭೆ ಬೇಕಾಗಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಈ ಸ್ಥಾನ ಸಿಕ್ಕಿದೆ. ಅಲ್ಲಿ ಸಂಜೆ ಎಲ್ಲರೂ ಮನೆಗೆ ಹೋಗಿಬಿಡುವುದರಿಂದ ದೊಡ್ಡ ತೊಂದರೆ ಕಾಣುವುದಿಲ್ಲ. ಜನ ಅಲ್ಲೇ ಹುಟ್ಟಿ, ಮದುವೆಯಾಗಿ, ಮುದುಕರಾಗುವ ಊರಿನಲ್ಲಿ ಪರಿಸ್ಥಿತಿ ಬೇರೆ. ಹಳೆಯ ಗಣಿ ಊರುಗಳಿಗೆ ಈ ಹೆಸರು ಇರಲಿ ಇಲ್ಲದಿರಲಿ, ನಡೆದದ್ದು ಇದೇ ಪದ್ಧತಿ. ನಲ್ಲಿ ಕೆಟ್ಟರೆ ಕಂಪನಿಗೆ ದೂರು, ಜ್ವರ ಬಂದರೆ ಕಂಪನಿ ಆಸ್ಪತ್ರೆ, ಮಗು ಓದಬೇಕಾದರೆ ಕಂಪನಿ ಶಾಲೆ. ಕಂಪನಿ ಹೋದ ಮರುದಿನ ದೂರು ಕೊಡಲು ಬಾಗಿಲೇ ಇಲ್ಲ.

ಕೆಜಿಎಫ್‌ನಲ್ಲಿ ಆದದ್ದು ಇದೇ. ಪಂಪು ನಿಂತವು, ಶಾಫ್ಟುಗಳಲ್ಲಿ ನೀರು ತುಂಬಿತು. ನೆಲದ ಮೇಲಿನ ನಲ್ಲಿಗಳಲ್ಲಿ ನೀರು ಕಮ್ಮಿಯಾಯಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು ಊರಿನ ನಡುವೆಯೇ ನಿಂತಿವೆ. ಸೈನೈಡ್ ಗುಡ್ಡ ಎಂದೇ ಜನ ಕರೆಯುವುದು. ಗಾಳಿ ಬೀಸುವ ತಿಂಗಳುಗಳಲ್ಲಿ ಬೂದುಬಣ್ಣದ ಧೂಳು ಅಡುಗೆಮನೆಯವರೆಗೂ ಬರುತ್ತದೆ. ಪಾತ್ರೆ ತೊಳೆದು ಬೋರಲು ಹಾಕಿದರೂ ಕೈಗೆ ಸಣ್ಣ ಪುಡಿ ತಾಗುತ್ತದೆ. 2024ರಲ್ಲಿ ರಾಜ್ಯ ಸಂಪುಟ ಇಂಥ 13 ಗುಡ್ಡಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಗುಡ್ಡದ ಮಣ್ಣಿಗೆ ಬೆಲೆ ಬಂದಿದೆ. ಲೈನು ಮನೆಗಳಲ್ಲಿ ಮೂರು ತಲೆಮಾರು ಕಳೆದವರು ಮಾತ್ರ ಹಕ್ಕುಪತ್ರ ಕೇಳುತ್ತಲೇ ಇದ್ದಾರೆ. ಹಕ್ಕುಪತ್ರವಿಲ್ಲದ ಮನೆಯ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ, ಸೂರು ಸೋರಿದರೆ ರಿಪೇರಿಗೆ ಧೈರ್ಯ ಸಾಲುವುದಿಲ್ಲ.

ಆದರೂ ಊರು ಉಳಿದಿದೆ. ಹೋರಾಟದ ಪರಂಪರೆ ಅದಕ್ಕೆ ಒಂದು ಕಾರಣ, ಒಪ್ಪುತ್ತೇನೆ. ದೊಡ್ಡ ಕಾರಣ ಆ ರೈಲು ಹಳಿ. ಬೆಂಗಳೂರು ಇನ್ನೂರು ಕಿಲೋಮೀಟರ್ ದೂರವಿದ್ದಿದ್ದರೆ ಕೆಜಿಎಫ್ ಇಂದು ಏನಾಗಿರುತ್ತಿತ್ತು ಎಂದು ಕೇಳಿದರೆ, ಉತ್ತರಕ್ಕೆ ಕುದುರೆಮುಖಕ್ಕೆ ಹೋಗಬೇಕು.

ಕುದುರೆಮುಖದ ಮ್ಯಾಗ್ನೆಟೈಟ್ ಅದಿರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಅದನ್ನು ತೆಗೆಯಲು ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ಶಾ ದುಡ್ಡು ಕೊಡುತ್ತಾನೆಂಬ ನಂಬಿಕೆಯ ಮೇಲೆ. ಶಾ ಪದಚ್ಯುತನಾದ, ಗಣಿ ಉಳಿಯಿತು. ಭದ್ರೆ ಹುಟ್ಟಿ ಇನ್ನೂ ಹಳ್ಳದಂತೆ ಹರಿಯುವ ಕಣಿವೆಯಲ್ಲಿ, ಮಲ್ಲೇಶ್ವರ ಎಂಬ ಹಳ್ಳಿಯಿದ್ದ ಜಾಗದಲ್ಲಿ ಟೌನ್‌ಶಿಪ್ ಎದ್ದಿತು. ಪುಡಿ ಮಾಡಿದ ಅದಿರನ್ನು ನೀರಿಗೆ ಬೆರೆಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಬಿಡುತ್ತಿದ್ದರು. ಘಟ್ಟದ ಇಳಿಜಾರೇ ಅದಕ್ಕೆ ಎಂಜಿನ್. ದೇಶದ ನಾನಾ ಕಡೆಯ ಎಂಜಿನಿಯರುಗಳು, ಕೆಲಸಗಾರರು ಬಂದು ನೆಲೆಸಿದರು. ಶಾಲೆ, ಆಸ್ಪತ್ರೆ, ಕ್ಲಬ್ಬು, ಸಾಲುಸಾಲು ಕ್ವಾರ್ಟರ್ಸು. ಸುತ್ತಲಿನ ಕಾಡಿನಲ್ಲಿ ತಲೆಮಾರುಗಳಿಂದ ಇದ್ದ ಮಲೆಕುಡಿಯರು, ಗೌಡಲು ಜನ ಆ ದೀಪಗಳನ್ನು ದೂರದಿಂದ ನೋಡುತ್ತಿದ್ದರು.

2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ರಾಷ್ಟ್ರೀಯ ಉದ್ಯಾನದ ನಡುವಿನ ಗಣಿ 2005ರ ಡಿಸೆಂಬರ್ 31ಕ್ಕೆ ನಿಂತಿತು. ನಿಲ್ಲಿಸಿದ್ದು ಸರಿಯೇ, ಭದ್ರೆಯ ನೀರು ಕುಡಿಯುವ ಬಯಲುಸೀಮೆಯವರು ಕೋರ್ಟಿಗೆ ಋಣಿಯಾಗಿರಬೇಕು. ಆದರೆ ಊರಿನ ವಿಷಯದಲ್ಲಿ ಏನಾಯಿತು ನೋಡಿ. ಸುತ್ತ ಕಾಡು. ರೈಲಿಲ್ಲ. ಪೇಟೆ ಎಂದರೆ ಕಳಸ, ಇಲ್ಲವೇ ಘಟ್ಟ ಇಳಿದು ಕಾರ್ಕಳ. ಬೆಳಿಗ್ಗೆ ಹೋಗಿ ರಾತ್ರಿ ಬರುವಂಥ ಕೆಲಸ ಎಲ್ಲೂ ಇಲ್ಲ. ನೌಕರರು ಮಂಗಳೂರಿಗೋ ಸ್ವಂತ ಊರಿಗೋ ಹೊರಟರು. ಖಾಲಿ ಕ್ವಾರ್ಟರ್ಸಿನ ಸೂರಿನ ಮೇಲೆ ಮಲೆನಾಡಿನ ಮಳೆ ಹೊಡೆಯಿತು, ಪಾಚಿ ಹತ್ತಿತು. ನಿವೃತ್ತನಾದ ಮೇಲೆ ಇಲ್ಲೇ ಇರುತ್ತೇನೆ ಎನ್ನಲು ಒಂದು ಗೇಣು ನೆಲವೂ ಅವರ ಹೆಸರಲ್ಲಿರಲಿಲ್ಲ. ಉಳಿದದ್ದು ಲಖ್ಯಾ ಅಣೆಕಟ್ಟು. ಅದಿರು ತೆಗೆದ ಮೇಲಿನ ಕೆಸರನ್ನೆಲ್ಲ ಹಿಡಿದಿಟ್ಟುಕೊಂಡಿರುವ ಆ ಕಟ್ಟೆಯನ್ನು ಊರು ಖಾಲಿಯಾದರೂ ಕಾಯಲೇಬೇಕು. ಅದು ಒಡೆದರೆ ಕೆಳಗಿನ ಭದ್ರೆಯ ಗತಿ ಹೇಳತೀರದು.

ಎರಡೂ ಗಣಿ ಊರುಗಳೇ. ಒಂದಕ್ಕೆ ಬಯಲು ಮತ್ತು ರೈಲು, ಇನ್ನೊಂದಕ್ಕೆ ಘಟ್ಟ ಮತ್ತು ಕಾಡು. ಸರ್ಕಾರದ ನೀತಿ ಎರಡಕ್ಕೂ ಒಂದೇ: ಸ್ವಯಂ ನಿವೃತ್ತಿಯ ಚೆಕ್ಕು ಕೊಟ್ಟು ಕೈತೊಳೆದುಕೊಳ್ಳುವುದು.

ನೀರಿನ ಯೋಜನೆಗಳ ಊರುಗಳಲ್ಲಿ ಕತೆ ತಿರುಗಾಮುರುಗಾ. ಶರಾವತಿಯಲ್ಲಿ ಮೊದಲು ಹಿರೇಭಾಸ್ಕರ ಅಣೆಕಟ್ಟು ಬಂತು, 1964ರ ಲಿಂಗನಮಕ್ಕಿ ಅದನ್ನೇ ಮುಳುಗಿಸಿತು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಹಳೆಯ ಕಟ್ಟೆ ಈಗಲೂ ತಲೆ ಎತ್ತುತ್ತದೆ. ಕಟ್ಟುವ ಕೆಲಸಕ್ಕೆ ತಮಿಳುನಾಡು, ಕೇರಳ, ಆಂಧ್ರದಿಂದ ಜನ ಬಂದರು. ಕಾರ್ಗಲ್ ಮತ್ತು ಜೋಗದಲ್ಲಿ ಕಾಲೊನಿಗಳು ಎದ್ದವು. ಇಂದು ಅದು ಜೋಗ-ಕಾರ್ಗಲ್ ಪಟ್ಟಣ ಪಂಚಾಯಿತಿ. ದೀವರು, ಒಕ್ಕಲಿಗರು, ಹವ್ಯಕರು, ಲಿಂಗಾಯತರು ಮುಂತಾಗಿ ನೀರಿಗೆ ನೆಲ ಕೊಟ್ಟವರನ್ನು ಲಾರಿಗಳಲ್ಲಿ ಒಯ್ದು ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಇಳಿಸಿದರು. ಅವರಿಗೆ ಕೊಟ್ಟ ನೆಲ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅದನ್ನು ಬಿಡಿಸುವುದು ರಾಜ್ಯದ ಕೈಮೀರಿತು. ಅರವತ್ತು ವರ್ಷದ ನಂತರವೂ ಮುಳುಗಡೆಯವರು ಮೊಮ್ಮಕ್ಕಳ ಕೈಹಿಡಿದು ಕಚೇರಿ ಅಲೆಯುತ್ತಾರೆ.

ಮುಳುಗದೆ ಉಳಿದ ತುಮರಿ ಕಡೆಯ ಹಳ್ಳಿಗಳವರ ಪಾಡು ಇನ್ನೊಂದು ಬಗೆಯದು. ಹಿನ್ನೀರು ಸುತ್ತುವರಿದು ಅವರು ದ್ವೀಪದವರಾದರು. ಸಾಗರಕ್ಕೆ ಹೋಗಲು ಲಾಂಚ್ ಒಂದೇ ಗತಿಯಾಗಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೆರಿಗೆ ನೋವಿನವರಿಗೂ ದಡದಲ್ಲೇ ಕಾಯುವ ಹಣೆಬರಹವಿತ್ತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನಾಡಿಗೆ ಬೆಳಕು ಕೊಟ್ಟ ಜನಕ್ಕೆ ಒಂದು ಸೇತುವೆ ಕೊಡಲು ನಾವು ತೆಗೆದುಕೊಂಡ ಕಾಲ ಅರವತ್ತೊಂದು ವರ್ಷ.

ದಾಂಡೇಲಿಯ ಬಗ್ಗೆ ಎರಡು ಮಾತು ಸಾಕು. ಅಲ್ಲಿ ಕಾಗದದ ಕಾರ್ಖಾನೆ ಇನ್ನೂ ನಡೆಯುತ್ತಿದೆ. ಜೊತೆಗೆ ಕಾಳಿ ನದಿಯ ರಾಫ್ಟಿಂಗು, ರೆಸಾರ್ಟುಗಳು ಎರಡನೆಯ ಕಸುಬು ತಂದಿವೆ. ಒಂದೇ ಕಂಪನಿಯ ಊರಿಗೆ ಎರಡನೆಯ ಕಸುಬು ಸಿಕ್ಕಿದ್ದು ಅದರ ಪುಣ್ಯ. ಆದರೆ ಆ ಊರಿನ ಹಳೆಯ ಲೆಕ್ಕವೂ ನೆನಪಿರಬೇಕು. ಉತ್ತರ ಕನ್ನಡದ ಬಿದಿರು ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಗೆ ಹೋಗುತ್ತಿತ್ತು, ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ಪಾಲು ಹೆಚ್ಚು ಬೆಲೆ ತೆರುತ್ತಿದ್ದರು ಎಂಬುದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಭದ್ರಾವತಿಯಲ್ಲಿ 1936ರ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ ಮುಚ್ಚುತ್ತದೆಯೋ ಉಳಿಯುತ್ತದೆಯೋ ಎಂಬುದು ಪ್ರತಿ ಚುನಾವಣೆಯ ಭಾಷಣದಲ್ಲಿ ಬರುತ್ತದೆ, ಎಣಿಕೆಯ ಮರುದಿನ ಹೋಗುತ್ತದೆ.

ಕೊನೆಗೆ ಹಟ್ಟಿ. ಇದು ಎಲ್ಲಕ್ಕಿಂತ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಜನ ಬಂಡೆಯನ್ನು ಬೆಂಕಿಯಿಂದ ಕಾಯಿಸಿ ನೀರು ಸುರಿದು ಒಡೆದು, ನೂರಾರು ಅಡಿ ಆಳದವರೆಗೆ ಚಿನ್ನ ಹುಡುಕಿ ಹೋಗಿದ್ದರು. ಅದೇ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರು ಹೊತ್ತ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದೂ ಚಿನ್ನದ ಶೋಧಕ್ಕೆ ಬಂದಿದ್ದ ಬೀಡನ್ ಎಂಬ ಎಂಜಿನಿಯರಿಗೆ. ನಿಜಾಮನ ಕಾಲದಲ್ಲಿ ಮತ್ತೆ ಶುರುವಾದ ಗಣಿ 1920ರ ಸುಮಾರಿಗೆ ನಿಂತಿತು, 1947ರಲ್ಲಿ ಹೊಸ ಕಂಪನಿ ಹುಟ್ಟಿ ಮತ್ತೆ ನಡೆಯಿತು. ಈಗ ಅದು ರಾಜ್ಯ ಸರ್ಕಾರದ್ದು. ದೇಶದ ಗಣಿಗಳಿಂದ ಬರುವ ಚಿನ್ನದ ಬಹುಪಾಲು ಅಲ್ಲಿಂದಲೇ. ಕೆಲಸಗಾರರಲ್ಲಿ ಸುತ್ತಲಿನ ಹಳ್ಳಿ, ತಾಂಡಾಗಳ ಜನ ಬಹಳ. ಕಂಪನಿಯ ಕಾಲೊನಿ ಒಂದು ಕಡೆ, ಪಟ್ಟಣ ಪಂಚಾಯಿತಿಯ ಊರು ಇನ್ನೊಂದು ಕಡೆ. ಒಂದು ಬೀದಿ ದಾಟಿದರೆ ನೀರು, ರಸ್ತೆ, ದೀಪದ ವ್ಯತ್ಯಾಸ ತಿಳಿಯುತ್ತದೆ. ಹಟ್ಟಿಗೆ ರೈಲು ನಿಲ್ದಾಣವಿಲ್ಲ. ಬೆಳಿಗ್ಗೆ ಹೋಗಿ ರಾತ್ರಿ ಬರಲು ಪಕ್ಕದಲ್ಲಿ ಬೆಂಗಳೂರೂ ಇಲ್ಲ.

ಗಣಿ ನಡೆಸುವವರು ಮುಚ್ಚುವ ಯೋಜನೆಯನ್ನೂ ಮೊದಲೇ ಬರೆದುಕೊಡಬೇಕೆಂಬ ನಿಯಮ 2003ರಿಂದ ಇದೆ. ಗುಂಡಿಗೆ ಬೇಲಿ, ರಾಶಿಗೆ ಗಿಡ, ನೀರಿನ ಶುದ್ಧಿ ಇತ್ಯಾದಿ ಅದರಲ್ಲಿರುತ್ತದೆ. ಊರಿನ ನಲ್ಲಿಯನ್ನು, ಆಸ್ಪತ್ರೆಯನ್ನು, ಶಾಲೆಯನ್ನು ಯಾರಿಗೆ ಯಾವಾಗ ಒಪ್ಪಿಸಬೇಕು, ಕ್ವಾರ್ಟರ್ಸಿನಲ್ಲಿರುವವರಿಗೆ ಯಾವ ದರಕ್ಕೆ ಮನೆ ಕೊಡಬೇಕು ಎಂಬುದಕ್ಕೆ ಅಲ್ಲಿ ಜಾಗ ಬಹಳ ಕಡಿಮೆ. ಹಟ್ಟಿಯಲ್ಲಿ ಇಂದು ಮುಚ್ಚುವ ಮಾತಿಲ್ಲ. ಕಂಪನಿಯ ಕೈಯಲ್ಲಿ ದುಡ್ಡಿದೆ, ಕಾರ್ಮಿಕ ಸಂಘದ ಕೈಯಲ್ಲಿ ಶಕ್ತಿಯಿದೆ, ಮಾಲೀಕ ದೂರದ ಲಂಡನ್ನಿನಲ್ಲಿಲ್ಲ, ವಿಧಾನಸೌಧದಲ್ಲೇ ಇದ್ದಾನೆ. ಮನೆಯ ಹಕ್ಕುಪತ್ರ, ಕಾಲೊನಿ ಮತ್ತು ಊರು ಎರಡಕ್ಕೂ ಒಂದೇ ನೀರಿನ ವ್ಯವಸ್ಥೆ, ಆಸ್ಪತ್ರೆಯ ಹಸ್ತಾಂತರ, ರಾಯಚೂರು ಭಾಗದಲ್ಲಿ ಎರಡನೆಯ ಕಸುಬು — ಈ ನಾಲ್ಕನ್ನು ಗಣಿ ನಡೆಯುತ್ತಿರುವಾಗಲೇ ಮುಗಿಸಬೇಕು. ಲಿಂಗಸೂಗೂರು ಕಡೆಯ ಜನಪ್ರತಿನಿಧಿಗಳು ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಲಿ. ಕೇಳದಿದ್ದರೆ ಹಟ್ಟಿಯ ಮತದಾರರು ಅವರನ್ನು ಕೇಳಲಿ.